ಸರಹದ್ದು ನಿಮ್ಮದು, ಗಿರಾಕಿ ಯಾರದು?

ನಮಸ್ಕಾರ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಹೆಸರುವಾಸಿ ತಿಂಡಿ ಬ್ರ್ಯಾಂಡಿನ ಫ್ರಾಂಚೈಸಿ, ಅಂದರೆ ಶುಲ್ಕ ಕೊಟ್ಟು ಕಂಪನಿಯ ಹೆಸರಿನಲ್ಲಿ ಮಳಿಗೆ ನಡೆಸುವ ಹಕ್ಕು, ಪಡೆದವರೊಬ್ಬರನ್ನು ಊಹಿಸಿಕೊಳ್ಳಿ. ಎರಡು ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೇರೆ ಮಳಿಗೆ ತೆರೆಯುವುದಿಲ್ಲವೆಂದು ಕಂಪನಿ ಕರಾರಿನಲ್ಲಿ ಮಾತು ಕೊಟ್ಟಿದೆ. ಆರೇ ತಿಂಗಳಲ್ಲಿ ಅದೇ ಕಂಪನಿ ರೈಲು ಹಳಿಯಾಚೆ ರಾಜಾಜಿನಗರದಲ್ಲಿ ಬರೀ ಅಡುಗೆಮನೆಯೊಂದನ್ನು ತೆರೆದು, ಸ್ವಿಗ್ಗಿ, ಜೊಮ್ಯಾಟೊಗಳ ಮೂಲಕ ಮಲ್ಲೇಶ್ವರದ ಮನೆಬಾಗಿಲಿಗೇ ತಿಂಡಿ ಕಳಿಸತೊಡಗುತ್ತದೆ. ಕರಾರು ಮುರಿಯಿತೇ? ಪತ್ರದಲ್ಲಿ ‘ಮಳಿಗೆ’ ಎಂಬ ಪದವಷ್ಟೇ ಇದ್ದರೆ, ಮುರಿದಿಲ್ಲವೆಂದು ವಾದಿಸಲು ಕಂಪನಿಗೆ ಧಾರಾಳ ಅವಕಾಶವಿದೆ. ಅದು ಮಳಿಗೆ ತೆರೆಯುವುದಿಲ್ಲ ಎಂದಿತ್ತೇ ಹೊರತು, ಮಾರುವುದಿಲ್ಲ ಎಂದಿರಲಿಲ್ಲ.

ಇನ್ನು ಆ ಎರಡು ಕಿಲೋಮೀಟರನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯಬೇಕೇ, ಅಂಡರ್‌ಪಾಸ್ ಸುತ್ತಿಕೊಂಡು ಅಳೆಯಬೇಕೇ ಎಂಬುದನ್ನೂ ಎಷ್ಟೋ ಮಂದಿ ಕೇಳುವುದಿಲ್ಲ. ಪಿನ್‌ಕೋಡ್ ಬರೆಸಿದರೆ ಸಾಕೆನ್ನುವವರಿದ್ದಾರೆ, ಆದರೆ ಜಯನಗರವೊಂದಕ್ಕೇ 560011, 560041 ಎರಡೂ ಇವೆ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ, 2002ರ ಸ್ಪರ್ಧಾ ಕಾಯ್ದೆಗಳಲ್ಲಿ ಅನ್ವಯಿಸುವುದನ್ನು ಹೆಕ್ಕಿಕೊಳ್ಳಬೇಕು. ಪ್ರದೇಶ ಹಂಚಿಕೊಟ್ಟ ಮಾತ್ರಕ್ಕೆ ಸ್ಪರ್ಧಾ ಕಾಯ್ದೆ ಅಡ್ಡಬರುವುದಿಲ್ಲ. ಅದರ 3(4)ನೇ ಕಲಮಿನಡಿ, ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಧಕ್ಕೆಯಾದರೆ ಮಾತ್ರ ಅಂಥ ಒಪ್ಪಂದ ತಪ್ಪಾಗುತ್ತದೆ. ವ್ಯಾಪಾರಕ್ಕೆ ತಡೆಯೊಡ್ಡುವ ಒಪ್ಪಂದವನ್ನು ಕರಾರು ಕಾಯ್ದೆಯ 27ನೇ ಕಲಮು ಅನೂರ್ಜಿತವೆನ್ನುತ್ತದೆ, ನಿಜ. ಆದರೆ ಫ್ರಾಂಚೈಸಿ ಪಡೆದು ತಂಪು ಪಾನೀಯ ತುಂಬುತ್ತಿದ್ದ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ಫ್ರಾಂಚೈಸಿ ಜಾರಿಯಲ್ಲಿರುವ ಅವಧಿಯಲ್ಲಿ ಪ್ರತಿಸ್ಪರ್ಧಿಯ ಸರಕನ್ನು ಮುಟ್ಟಬಾರದೆಂಬ ಷರತ್ತಿಗೆ ಆ ಕಲಮು ಅಡ್ಡಿಯಲ್ಲವೆಂದು ಹೇಳಿತು. ಅಂದರೆ ಮಳಿಗೆಯವರ ಕೈ ಕಟ್ಟುವ ಷರತ್ತು ಕರಾರಿನುದ್ದಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ. ಕಂಪನಿಯ ಕೈ ಕಟ್ಟುವ ಷರತ್ತು ಬೇಕಿದ್ದರೆ ನಾವೇ ಕೇಳಿ ಬರೆಸಿಕೊಳ್ಳಬೇಕು.

ನನ್ನ ತಕರಾರು ಇಲ್ಲಿಯೇ. ಬ್ರ್ಯಾಂಡು ಕಂಪನಿಯದು, ಗುಣಮಟ್ಟ ಕಾಯುವುದೂ ಅದರ ಹಕ್ಕು. ಆನ್‌ಲೈನ್ ಮಾರಾಟವನ್ನು ಅದು ಕೈಬಿಡಲಿ ಎನ್ನುವುದು ಸಾಧುವಲ್ಲ. ಆದರೆ ಪ್ರದೇಶದ ಆಸೆ ತೋರಿಸಿ ಶುಲ್ಕ ವಸೂಲಿ ಮಾಡಿ, ‘ಉಳಿದೆಲ್ಲ ಹಕ್ಕುಗಳನ್ನು ಕಂಪನಿ ಕಾಯ್ದಿರಿಸಿಕೊಂಡಿದೆ’ ಎಂಬ ಒಂದೇ ಸಾಲಿನಿಂದ ಅದೇ ಪ್ರದೇಶವನ್ನು ಹಿಂದಕ್ಕೆ ಪಡೆಯುವುದು ನ್ಯಾಯದ ವ್ಯವಹಾರವಲ್ಲ. ಸಹಿ ಹಾಕುವ ಮುನ್ನ ಆ ಸಾಲನ್ನು ಬೆರಳಿಟ್ಟು ತೋರಿಸಿ, ನಮ್ಮ ಸರಹದ್ದಿನ ವಿಳಾಸಕ್ಕೆ ಬರುವ ಪ್ರತಿ ಆರ್ಡರನ್ನೂ ನಮ್ಮ ಮಳಿಗೆಯಿಂದಲೇ ಪೂರೈಸಬೇಕು, ಇಲ್ಲವೇ ಅದರ ಲಾಭದಲ್ಲಿ ಇಂತಿಷ್ಟು ಪಾಲು ನಮಗೆ ಸೇರಬೇಕು ಎಂದು ಬರೆಸಿಕೊಳ್ಳಿ. ಅದಕ್ಕೆ ಕಂಪನಿ ಒಪ್ಪದಿದ್ದರೆ, ಪ್ರದೇಶದ ಲೆಕ್ಕದಲ್ಲಿ ಕೇಳುತ್ತಿರುವ ಶುಲ್ಕವನ್ನಾದರೂ ಇಳಿಸಲಿ.