ಒಂದೇ ಬ್ಯಾಂಕಿನ ಎರಡು ಕ್ರೆಡಿಟ್ ಕಾರ್ಡ್: ಮೊದಲು ಲಿಮಿಟ್ ಸೇರಿಸಿ, ಆಮೇಲೆ ಕಾರ್ಡ್ ಮುಚ್ಚಿ

ಎಲ್ಲರಿಗೂ ನಮಸ್ಕಾರ.

"ಸರ, ಒಂದೇ ಬ್ಯಾಂಕಿಂದು ಎರಡು ಕ್ರೆಡಿಟ್ ಕಾರ್ಡ್ ಅದಾವ್ರಿ. ಕೂಡಿಸಿ ಒಂದ್ ಮಾಡಾಕ ಬರ್ತದೇನ್ರಿ?" ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಈ ಪ್ರಶ್ನೆ ಜಾಸ್ತಿ. ಸಂಬಳದ ಖಾತೆಗೆ ಅಂತ ಒಂದು ಕಾರ್ಡ್ ಬಂದಿರುತ್ತದೆ. ಪೆಟ್ರೋಲ್‌ಗೋ ಆನ್‌ಲೈನ್ ಖರೀದಿಗೋ ಅಂತ ಅದೇ ಬ್ಯಾಂಕಿನವರು ಇನ್ನೊಂದು ಕೊಟ್ಟಿರುತ್ತಾರೆ. ಕೆಲವರಿಗೆ ಕೇಳದೆಯೇ ಹೀಗಾಗಿದೆ. 2023ರ ಮಾರ್ಚ್‌ನಲ್ಲಿ ಸಿಟಿಬ್ಯಾಂಕಿನ ಕಾರ್ಡ್ ವ್ಯವಹಾರ ಆಕ್ಸಿಸ್‌ಗೆ ಹೋಯಿತಲ್ಲ, ಮೊದಲೇ ಆಕ್ಸಿಸ್ ಕಾರ್ಡ್ ಇದ್ದವರ ಎರಡೂ ಕಾರ್ಡ್ ಒಂದೇ ಬ್ಯಾಂಕಿಗೆ ಬಂದವು.

ಉತ್ತರ: ಬರುತ್ತದೆ, ಆದರೆ ಬ್ಯಾಂಕ್ ಒಪ್ಪಬೇಕು. ಎರಡು ಕಾರ್ಡ್ ಬೆಸೆದು ಒಂದು ಮಾಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಒಂದರ ಲಿಮಿಟ್, ಅಂದರೆ ಕಾರ್ಡ್‌ನಲ್ಲಿ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ, ಇನ್ನೊಂದಕ್ಕೆ ಹಾಕಿಸಿಕೊಂಡು ಖಾಲಿಯಾದದ್ದನ್ನು ಮುಚ್ಚಿಸಬೇಕು. ಈ ಕ್ರಮ ಹಿಂದುಮುಂದಾದರೆ ನಷ್ಟ ನಿಮಗೇ.

[ಪರದೆ ಮೇಲೆ: ಬ್ಯಾಂಕ್ ಆ್ಯಪ್, ಎರಡೂ ಕಾರ್ಡ್‌ಗಳ ಬಾಕಿ ಲಿಮಿಟ್]

ಮೊದಲು ಒಂದು ವಿಷಯ ಪತ್ತೆ ಮಾಡಿಕೊಳ್ಳಿ. ನಿಮ್ಮ ಲಿಮಿಟ್ ಈಗಾಗಲೇ ಒಂದೇ ಆಗಿರಬಹುದು! ನಮ್ಮ ದೇಶದ ಬಹಳಷ್ಟು ಬ್ಯಾಂಕ್‌ಗಳು ಒಬ್ಬ ಗ್ರಾಹಕನಿಗೆ ಒಂದೇ ಲಿಮಿಟ್ ಇಟ್ಟು, ಅದನ್ನೇ ಎರಡೂ ಕಾರ್ಡ್‌ಗಳಲ್ಲಿ ತೋರಿಸುತ್ತವೆ. ಇದಕ್ಕೆ ಶೇರ್ಡ್ ಲಿಮಿಟ್ ಅಂತಾರೆ. ಎರಡರಲ್ಲೂ 2 ಲಕ್ಷ ಕಾಣುತ್ತದೆ ಅಂತ 4 ಲಕ್ಷ ಇದೆ ಅಂದುಕೊಳ್ಳಬೇಡಿ.

ಪತ್ತೆ ಮಾಡುವುದು ಸುಲಭ. ಆ್ಯಪ್ ತೆರೆದು ಎರಡೂ ಕಾರ್ಡ್‌ಗಳ ಬಾಕಿ ಲಿಮಿಟ್ (ಇನ್ನೂ ಖರ್ಚು ಮಾಡಲು ಉಳಿದಿರುವ ಮೊತ್ತ) ಬರೆದಿಟ್ಟುಕೊಳ್ಳಿ. ದುರ್ಗದಬೈಲ್‌ಗೆ ಸಂತೆಗೆ ಹೋದಾಗ ಒಂದು ಕಾರ್ಡ್‌ನಲ್ಲಿ 500 ರೂಪಾಯಿ ಖರ್ಚು ಮಾಡಿ. ಮತ್ತೆ ಆ್ಯಪ್ ನೋಡಿ. ಮುಟ್ಟದೇ ಇದ್ದ ಕಾರ್ಡ್‌ನಲ್ಲೂ 500 ಕಡಿಮೆಯಾಗಿದ್ದರೆ ಅದು ಶೇರ್ಡ್ ಲಿಮಿಟ್. ಹಾಗಿದ್ದರೆ ಸೇರಿಸಲು ಏನೂ ಉಳಿದಿಲ್ಲ. ಒಂದು ಕಾರ್ಡ್ ಮುಚ್ಚಿದರೂ ಒಟ್ಟು ಲಿಮಿಟ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಆದರೂ ಮುಚ್ಚುವ ಮೊದಲು ಬ್ಯಾಂಕಿನಿಂದ ಮೇಲ್‌ನಲ್ಲಿ ಖಚಿತ ಮಾಡಿಸಿಕೊಳ್ಳಿ.

ಇಲ್ಲೇ ಜನ ಎಡವುವುದು, ಸ್ವಲ್ಪ ಗಮನ ಕೊಡಿ. ಲಿಮಿಟ್ ಒಂದೇ ಆದರೂ ಬಿಲ್ ಒಂದೇ ಅಲ್ಲ. ಪ್ರತಿ ಕಾರ್ಡ್‌ಗೂ ಬೇರೆ ಸ್ಟೇಟ್‌ಮೆಂಟ್, ಬೇರೆ ಕೊನೇ ದಿನಾಂಕ. ಒಂದು ಕಾರ್ಡ್‌ನಲ್ಲಿ 8,000, ಇನ್ನೊಂದರಲ್ಲಿ 3,000 ಬಿಲ್ ಇದೆ ಅಂದುಕೊಳ್ಳಿ. ನೀವು 11,000 ಒಟ್ಟಿಗೆ ಮೊದಲನೇ ಕಾರ್ಡ್‌ಗೇ ಕಟ್ಟಿದಿರಿ. ಅದರಲ್ಲಿ 3,000 ಹೆಚ್ಚುವರಿಯಾಗಿ ಸುಮ್ನೆ ಕೂತಿರುತ್ತದೆ. ಎರಡನೇ ಕಾರ್ಡ್‌ಗೆ ಲೇಟ್ ಫೀ ಬೀಳುತ್ತದೆ, ಬಡ್ಡಿ ಶುರುವಾಗುತ್ತದೆ, ಅದರ ಮೇಲೆ 18% ಜಿಎಸ್‌ಟಿ. ತಿಂಗಳಿಗೆ 3.5% ಬಡ್ಡಿ ಅಂದರೆ ವರ್ಷಕ್ಕೆ 42%. ದುಡ್ಡು ಕಟ್ಟಿಯೂ ದಂಡ ತೆರುವುದು ಯಾರಿಗೂ ಬೇಡ. ಕಾರ್ಡ್ ಕಡಿಮೆ ಮಾಡಿಕೊಳ್ಳಿ ಅಂತ ನಾನು ಹೇಳಲು ಇದೇ ದೊಡ್ಡ ಕಾರಣ. ಸದ್ಯಕ್ಕೆ ಎರಡೂ ಬೇಕೇ ಬೇಕು ಅಂದರೆ ಬಿಲ್ಲಿಂಗ್ ಸೈಕಲ್ (ಬಿಲ್ ಲೆಕ್ಕ ಹಾಕುವ ತಿಂಗಳ ಅವಧಿ) ಬದಲಿಸಿಕೊಂಡು ಎರಡರ ದಿನಾಂಕ ಹತ್ತಿರ ತನ್ನಿ. ಕನಿಷ್ಠ ಒಂದು ಸಲ ಹಾಗೆ ಬದಲಿಸಲು ಬ್ಯಾಂಕ್ ಬಿಡಲೇಬೇಕು, ಆರ್‌ಬಿಐ ನಿಯಮವಿದೆ.

[ಪರದೆ ಮೇಲೆ: 1,00,000 + 80,000]

ಲಿಮಿಟ್ ಬೇರೆ ಬೇರೆ ಇದ್ದರೆ? ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವ ಒಬ್ಬರ ಲೆಕ್ಕ ಹಾಕಿ ನೋಡೋಣ. ಒಂದು ಕಾರ್ಡ್‌ಗೆ 1 ಲಕ್ಷ, ಇನ್ನೊಂದಕ್ಕೆ 80 ಸಾವಿರ. ತಿಂಗಳ ಖರ್ಚು 45 ಸಾವಿರ. ಅಂದರೆ ಒಟ್ಟು 1 ಲಕ್ಷ 80 ಸಾವಿರದಲ್ಲಿ 25% ಬಳಕೆ. ಅವರು 80 ಸಾವಿರದ ಕಾರ್ಡನ್ನು ನೇರವಾಗಿ ಮುಚ್ಚಿಸಿದರೆ ಅದೇ ಖರ್ಚು 45% ಆಗಿಬಿಡುತ್ತದೆ. ಬಳಕೆ 30% ಒಳಗಿದ್ದರೆ ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಒಂದು ರೂಪಾಯಿ ಜಾಸ್ತಿ ಖರ್ಚು ಮಾಡದೆಯೇ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮೊದಲು ಬ್ಯಾಂಕ್ ನೋಡುವ ನಿಮ್ಮ ಅಂಕ, ಇಳಿಯಬಹುದು. ಮನೆ ಸಾಲಕ್ಕೆ ಅರ್ಜಿ ಹಾಕುವವರಿದ್ದರೆ ಇದು ಸಣ್ಣ ಮಾತಲ್ಲ. ಆ 80 ಸಾವಿರವನ್ನು ಮೊದಲೇ ಇನ್ನೊಂದು ಕಾರ್ಡ್‌ಗೆ ಹಾಕಿಸಿಕೊಂಡರೆ ಬಳಕೆ 25%ರಲ್ಲೇ ನಿಲ್ಲುತ್ತದೆ.

ಕಸ್ಟಮರ್ ಕೇರ್‌ಗೆ ಹೀಗೆ ಕೇಳಿ: "ಈ ಕಾರ್ಡ್‌ನ ಲಿಮಿಟ್ ಆ ಕಾರ್ಡ್‌ಗೆ ಹಾಕಿಕೊಡ್ತೀರಾ? ಅದಕ್ಕೆ ಹೊಸದಾಗಿ ಸಿಬಿಲ್ ಎನ್‌ಕ್ವೈರಿ ಮಾಡ್ತೀರಾ?" ಎನ್‌ಕ್ವೈರಿ ಅಂದರೆ ಬ್ಯಾಂಕ್ ನಿಮ್ಮ ಸಿಬಿಲ್ ವರದಿ ತರಿಸಿ ನೋಡುವುದು. ಫೋನಿನಲ್ಲಿ ಹೂಂ ಅಂದರೆ ಸಾಲದು, ಮೇಲ್ ಬರಬೇಕು. ಒಪ್ಪದಿದ್ದರೆ ಒತ್ತಾಯ ಮಾಡಲು ಬರುವುದಿಲ್ಲ. ಆಗ ವಾರ್ಷಿಕ ಶುಲ್ಕ ಇಲ್ಲದ ಕಾರ್ಡ್ ಆದರೆ ಮುಚ್ಚದೆ ಇಟ್ಟುಕೊಳ್ಳುವುದೇ ಲೇಸು.

ಯಾವುದನ್ನು ಉಳಿಸಬೇಕು? ಶುಲ್ಕ ಹೊರೆಯಾಗದಿದ್ದರೆ ಹಳೆಯದನ್ನು. ಅದರ ವಯಸ್ಸು ನಿಮ್ಮ ಸಾಲದ ಇತಿಹಾಸಕ್ಕೆ ಬಲ. ಆದರೆ ಎರಡರಲ್ಲಿ ಒಂದು ರುಪೇ ಆಗಿದ್ದರೆ ಯೋಚಿಸಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್‌ಗೆ ಕಟ್ಟಬಹುದು. ಕಾರ್ಡ್ ಮಷೀನ್ ಇಲ್ಲದ ಅಂಗಡಿಯೇ ನಮ್ಮಲ್ಲಿ ಜಾಸ್ತಿ ಅಲ್ವಾ?

ಮುಚ್ಚುವ ಕಾರ್ಡ್‌ನ ರಿವಾರ್ಡ್ ಪಾಯಿಂಟ್ ಮೊದಲು ಬಳಸಿಬಿಡಿ. ಇಎಂಐ ಇದ್ದರೆ ತೀರಿಸಿ. ಹೆಸ್ಕಾಂ ಬಿಲ್, ಮೊಬೈಲ್ ರೀಚಾರ್ಜ್ ಆಟೋಪೇ ಆ ಕಾರ್ಡ್‌ನಲ್ಲಿದ್ದರೆ ಇನ್ನೊಂದಕ್ಕೆ ಬದಲಿಸಿ.

ಇನ್ನು ಮುಚ್ಚಿಸುವುದು. 2022ರಲ್ಲಿ ಆರ್‌ಬಿಐ ತಂದ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನಗಳೊಳಗೆ ಕಾರ್ಡ್ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು. ಅರ್ಜಿಯನ್ನು ಅಂಚೆಯಲ್ಲೇ ಕಳಿಸಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಅರ್ಜಿ ಕೊಟ್ಟ ದಿನದ ಮೇಲ್ ಅಥವಾ ರಿಕ್ವೆಸ್ಟ್ ನಂಬರ್ ಜೋಪಾನ ಮಾಡಿ, ದಿನ ಎಣಿಸುವುದು ಅದರಿಂದಲೇ.

ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ, ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಮುಚ್ಚಿಸಿದ ಕಾರ್ಡ್ 'ಕ್ಲೋಸ್ಡ್' ಅಂತ ಇದೆಯಾ, ಉಳಿದ ಕಾರ್ಡ್‌ಗೆ ಹೊಸ ಲಿಮಿಟ್ ಬಂದಿದೆಯಾ ನೋಡಿ. ತಪ್ಪಿದ್ದರೆ ಸಿಬಿಲ್ ಸೈಟ್‌ನಲ್ಲೇ ದೂರು ಹಾಕಿ. 30 ದಿನದಲ್ಲಿ ಸರಿಯಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.