ಯಾರಿಗೆ ಹಾಕಲಿ ಎಂದು ಕೇಳಿದಾಗ

ನಮಸ್ಕಾರ. ಕಳೆದ ಚುನಾವಣೆಗೆ ಮೂರು ವಾರ ಬಾಕಿ ಇದ್ದಾಗ, ಗ್ರಂಥಾಲಯವೊಂದರ ಬಾಗಿಲ ಬಳಿ ನಾವು ಹಾಕಿಕೊಂಡಿದ್ದ ಮೇಜಿಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಂದರು. ಮತದಾರರ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿ ತೋರಿಸಿದೆ. ಮತಗಟ್ಟೆ ಎಲ್ಲಿದೆ, ಯಾವ ದಾಖಲೆ ಒಯ್ಯಬೇಕು, ಎಷ್ಟು ಗಂಟೆಯೊಳಗೆ ಹೋಗಬೇಕು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟೆ. ಅವರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ‘ಯಾರಿಗೆ ಹಾಕಲಿ, ನೀವೇ ಹೇಳಿಬಿಡಿ’ ಎಂದರು.

ನಾನು ಹೇಳಲಿಲ್ಲ. ಯಾವ ಪಕ್ಷಕ್ಕೂ ಸೇರದೆ ಮತದಾರರಿಗೆ ತಿಳಿವಳಿಕೆ ನೀಡುವ ಸಣ್ಣ ಗುಂಪೊಂದರಲ್ಲಿ ಬಿಡುವಿನ ವೇಳೆಯಲ್ಲಿ ದುಡಿಯುತ್ತ ಬಂದಿರುವ ನನಗೆ, ಈ ಒಂದು ಪ್ರಶ್ನೆಗೆ ಉತ್ತರ ಕೊಡದಿರುವುದೇ ನಮ್ಮ ಕೆಲಸದ ತಿರುಳು ಎಂಬುದು ನಿಧಾನವಾಗಿ ಮನದಟ್ಟಾಗಿದೆ. ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ. ಉತ್ತರ ಕಂಡುಕೊಳ್ಳಲು ಏನೇನು ಬೇಕೋ ಅಷ್ಟನ್ನೂ ಅವರ ಮುಂದೆ ಇಡಬೇಕು, ಕೊನೆಯ ಹೆಜ್ಜೆಯನ್ನು ಮಾತ್ರ ಅವರಿಗೇ ಬಿಡಬೇಕು. ಆ ದಿನ ಅವರ ಕೈಗೆ ಅಭ್ಯರ್ಥಿಗಳ ಉತ್ತರಗಳಿದ್ದ ಹಾಳೆಯನ್ನು ಕೊಟ್ಟೆ. ಸ್ವಲ್ಪ ಬೇಸರದಿಂದಲೇ ಅದನ್ನು ತೆಗೆದುಕೊಂಡು ಪಕ್ಕದ ಬೆಂಚಿನ ಮೇಲೆ ಕುಳಿತವರು ಅರ್ಧ ಗಂಟೆಯಾದರೂ ಏಳಲಿಲ್ಲ. ಮತ್ತೆ ಮೇಜಿಗೆ ಬಂದಾಗ ಅವರ ಪ್ರಶ್ನೆಯೇ ಬೇರೆಯಾಗಿತ್ತು: ‘ಎಲ್ಲರೂ ನೀರು ಕೊಡುತ್ತೇನೆ ಅಂದಿದ್ದಾರಲ್ಲ, ಈ ಹುದ್ದೆಗೆ ಗೆದ್ದವರ ಕೈಯಲ್ಲಿ ನೀರಿನ ವಿಚಾರ ಇದೆಯೋ, ಅಥವಾ ಅದು ಇನ್ನೊಬ್ಬರ ಕೈಯಲ್ಲಿದೆಯೋ?’ ಮತದಾರರೊಬ್ಬರು ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಇಂದಿಗೂ ಕೇಳಿಲ್ಲ. ಮೊದಲೇ ಒಂದು ಹೆಸರು ಹೇಳಿ ಕಳುಹಿಸಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಆ ಹಾಳೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ಒಂದು ಮುದ್ರಿತ ಕಾಗದವಷ್ಟೇ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳು, ಅದೇ ಪದಗಳಲ್ಲಿ, ಅದೇ ಗಡುವಿನೊಂದಿಗೆ ಹೋಗುತ್ತವೆ. ಬಂದ ಉತ್ತರವನ್ನು ಒಂದಕ್ಷರವೂ ತಿದ್ದದೆ ಅಚ್ಚು ಹಾಕುತ್ತೇವೆ. ಬಾರದಿದ್ದರೆ ‘ಉತ್ತರ ಬಂದಿಲ್ಲ’ ಎಂದಷ್ಟೇ ಬರೆಯುತ್ತೇವೆ, ಯಾಕೆ ಬಂದಿರಲಿಕ್ಕಿಲ್ಲ ಎಂಬ ಊಹೆಯನ್ನು ಸೇರಿಸುವುದಿಲ್ಲ. ಹೆಸರುಗಳ ಅನುಕ್ರಮವನ್ನು ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸುತ್ತೇವೆ. ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಪ್ರಶ್ನೆಗಳನ್ನು ಬರೆಯುವ ಕೆಲಸ. ಒಂದು ಸಂಜೆ ‘ತೆರಿಗೆಯ ಹೊರೆಯನ್ನು ತಗ್ಗಿಸಲು ಏನು ಮಾಡುತ್ತೀರಿ’ ಎಂಬ ಸಾಲಿನ ಮೇಲೆ ನಮ್ಮಲ್ಲಿ ಎರಡು ಗಂಟೆ ಚರ್ಚೆ ನಡೆಯಿತು. ‘ಹೊರೆ’ ಎಂದೊಡನೆ ತೆರಿಗೆ ಕೆಟ್ಟದ್ದು ಎಂದು ನಾವೇ ತೀರ್ಪು ಕೊಟ್ಟಂತಾಗುತ್ತದೆ, ‘ತಗ್ಗಿಸಲು’ ಎಂದೊಡನೆ ಸರಿಯಾದ ಉತ್ತರ ಯಾವುದೆಂದು ಸುಳಿವು ಕೊಟ್ಟಂತಾಗುತ್ತದೆ ಎಂದು ನಮ್ಮ ಗುಂಪಿನ ಅತ್ಯಂತ ಕಿರಿಯ ಸದಸ್ಯೆ ಪಟ್ಟು ಹಿಡಿದಳು. ಕೊನೆಗೆ ಉಳಿದದ್ದು ‘ತೆರಿಗೆಯ ವಿಷಯದಲ್ಲಿ ನಿಮ್ಮ ನಿಲುವೇನು’ ಎಂಬ ಸಪ್ಪೆ ಸಾಲು. ಆ ಸಪ್ಪೆತನಕ್ಕೆ ನಾನು ಹೆಮ್ಮೆಪಡುತ್ತೇನೆ.

ಪಕ್ಷಾತೀತವಾಗಿರುವುದು ಹೇಡಿತನ ಎನ್ನುವ ಗೆಳೆಯರು ನನಗಿದ್ದಾರೆ. ಊರಿಗೆ ಬೆಂಕಿ ಬಿದ್ದಾಗ ಯಾರ ಪರವೂ ಇಲ್ಲ ಎನ್ನುವುದು ಎಷ್ಟು ಸರಿ ಎಂಬುದು ಅವರ ವಾದ, ಮತ್ತು ಆ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ನಾವು ತಟಸ್ಥರಾಗಿರುವುದು ಯಾರು ಗೆಲ್ಲಬೇಕು ಎಂಬ ವಿಚಾರದಲ್ಲಿ ಮಾತ್ರ. ಅರ್ಹರಾದ ಪ್ರತಿಯೊಬ್ಬರಿಗೂ ಮತ ಹಾಕಲು ಸಾಧ್ಯವಾಗಬೇಕೇ, ಅಭ್ಯರ್ಥಿ ಜನರ ಪ್ರಶ್ನೆಗೆ ಉತ್ತರಿಸಬೇಕೇ ಎಂಬ ವಿಚಾರಗಳಲ್ಲಿ ನಾವು ತಟಸ್ಥರಲ್ಲ, ಆಗಲೂಬಾರದು. ನಮ್ಮಂತೆಯೇ ಮತದಾರರಿಗೆ ತಿಳಿವಳಿಕೆ ನೀಡುವ ಅಮೆರಿಕದ ಲೀಗ್ ಆಫ್ ವಿಮೆನ್ ವೋಟರ್ಸ್ ಸಂಸ್ಥೆಯನ್ನು ಮಹಿಳಾ ಮತಾಧಿಕಾರದ ಹೋರಾಟಗಾರ್ತಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಅವರ ನೇತೃತ್ವದಲ್ಲಿ 1920ರ ಫೆಬ್ರುವರಿಯಲ್ಲಿ ಶಿಕಾಗೊದಲ್ಲಿ ಕಟ್ಟಿದಾಗ, ಮಹಿಳೆಯರ ಮತದಾನದ ಹಕ್ಕನ್ನು ರಕ್ಷಿಸುವ ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿಗೆ ಇನ್ನೂ ಅಗತ್ಯವಾದಷ್ಟು ರಾಜ್ಯಗಳ ಅಂಗೀಕಾರ ದೊರೆತಿರಲಿಲ್ಲ. ಅದು ದೊರೆತದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅಭ್ಯರ್ಥಿಯನ್ನಾಗಲಿ ಪಕ್ಷವನ್ನಾಗಲಿ ಬೆಂಬಲಿಸದ, ವಿರೋಧಿಸದ ಆ ಸಂಸ್ಥೆ 1976, 1980 ಮತ್ತು 1984ರಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ದೂರದರ್ಶನ ಚರ್ಚೆಗಳನ್ನು ನಡೆಸಿತು. 1988ರಲ್ಲಿ ಎರಡೂ ಪ್ರಮುಖ ಪಕ್ಷಗಳ ಪ್ರಚಾರ ತಂಡಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು, ಪ್ರಶ್ನೆ ಕೇಳುವವರು ಯಾರು, ಸಭಾಂಗಣದಲ್ಲಿ ಯಾರಿರಬೇಕು ಎಂಬುದನ್ನೆಲ್ಲ ತಾವೇ ನಿರ್ಧರಿಸಲು ಹೊರಟಾಗ, ಲೀಗ್ ತನ್ನ ಪ್ರಾಯೋಜಕತ್ವವನ್ನೇ ಹಿಂತೆಗೆದುಕೊಂಡಿತು. ಎರಡು ಪಕ್ಷಗಳಿಗೂ ಏಕಕಾಲದಲ್ಲಿ ಬೇಡ ಎನ್ನಲು ಬೇಕಾದ ಧೈರ್ಯ ಒಂದು ಪಕ್ಷವನ್ನು ಬೈಯಲು ಬೇಕಾದ ಧೈರ್ಯಕ್ಕಿಂತ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ದೇಶದ ಮತದಾರರಿಗೆ ಇಂದು ಅಭ್ಯರ್ಥಿಗಳ ಆಸ್ತಿ, ವಿದ್ಯಾಭ್ಯಾಸ ಮತ್ತು ಅವರ ಮೇಲಿರುವ ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಓದಲು ಸಿಗುತ್ತಿರುವುದು ಕೂಡ ಇಂಥದೇ ಹಟದಿಂದ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕೆಲವು ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆ ಈ ವಿವರಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಸುಪ್ರೀಂ ಕೋರ್ಟ್ 2002ರಲ್ಲಿಯೂ ಮತ್ತೆ 2003ರಲ್ಲಿಯೂ ಮತದಾರನಿಗೆ ತಿಳಿಯುವ ಹಕ್ಕಿದೆ ಎಂದು ಹೇಳಿತು. ಯಾರಿಗೆ ಹಾಕಬೇಡಿ ಎಂದು ಆ ಪ್ರಮಾಣಪತ್ರ ಎಲ್ಲಿಯೂ ಹೇಳುವುದಿಲ್ಲ.

ಇನ್ನು ಪಟ್ಟಿಯ ಕೆಲಸ. ನೋಂದಣಿಯ ನಿಯಮ ಒಂದೊಂದು ಕಡೆ ಒಂದೊಂದು ಬಗೆ: ಅಮೆರಿಕದಲ್ಲಿ ಗಡುವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ನಾರ್ತ್ ಡಕೋಟಾದಲ್ಲಂತೂ ನೋಂದಣಿಯೇ ಇಲ್ಲ, ಭಾರತದಲ್ಲಿ ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕುವಂತಿಲ್ಲ, ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8. ಮನೆ ಬದಲಿಸಿದವರು ಹಳೆಯ ವಿಳಾಸದಲ್ಲೇ ಉಳಿದಿರುತ್ತಾರೆ, ಇನ್ನು ಕೆಲವರ ಹೆಸರಿನಲ್ಲಿ ಒಂದು ಅಕ್ಷರ ಅದಲುಬದಲಾಗಿರುತ್ತದೆ. ಇವೆಲ್ಲ ಮತದಾನದ ದಿನ ಬೆಳಿಗ್ಗೆ ಗೊತ್ತಾದರೆ ಪಟ್ಟಿಯನ್ನು ತಿದ್ದಿಸಲು ಹೆಚ್ಚಿನ ಕಡೆ ಹೊತ್ತು ಮೀರಿರುತ್ತದೆ.

ಇದಕ್ಕೆಲ್ಲ ಮನೆಮನೆಗೆ ಹೋಗಬೇಕೇ, ಒಂದು ಸಂದೇಶ ಕಳುಹಿಸಿದರೆ ಸಾಲದೇ ಎಂದು ಹೊಸಬರು ಕೇಳುತ್ತಾರೆ. ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ರಾಜ್ಯಶಾಸ್ತ್ರಜ್ಞರು 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಸುಮಾರು 30,000 ನೋಂದಾಯಿತ ಮತದಾರರ ನಡುವೆ ಒಂದು ಪ್ರಯೋಗ ನಡೆಸಿದ್ದರು. ಮತ ಹಾಕಿ ಎಂಬ, ಯಾವ ಪಕ್ಷದ ಪರವೂ ಅಲ್ಲದ ಸಂದೇಶವನ್ನು ಕೆಲವರಿಗೆ ಮನೆಬಾಗಿಲಲ್ಲಿ, ಕೆಲವರಿಗೆ ಅಂಚೆಯಲ್ಲಿ, ಕೆಲವರಿಗೆ ಫೋನಿನಲ್ಲಿ ತಲುಪಿಸಿದರು. ಮುಖಾಮುಖಿ ಮಾತು ಮತದಾನವನ್ನು ಗಣನೀಯವಾಗಿ ಹೆಚ್ಚಿಸಿತು, ಅಂಚೆಯಿಂದ ಅಲ್ಪ ಪ್ರಯೋಜನವಾಯಿತು, ಫೋನ್ ಕರೆಗಳಿಂದ ಪ್ರಯೋಜನ ಕಾಣಲಿಲ್ಲ. ಬಾಗಿಲು ತಟ್ಟಿದಾಗ ಎದುರಿಗಿರುವವರ ಮುಖ ನೋಡಿ ಮಾತು ಬದಲಿಸಬಹುದು, ಅವರ ಗೊಂದಲ ಎಲ್ಲಿದೆಯೆಂದು ಹಿಡಿಯಬಹುದು. ನನ್ನ ಅನುಭವವೂ ಇದನ್ನೇ ಹೇಳುತ್ತದೆ.

ನನ್ನಿಂದಲೇ ಆದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಒಮ್ಮೆ ಮೇಜಿನ ಮುಂದೆ ನಿಂತಿದ್ದ ಒಬ್ಬರು ತಮ್ಮ ಅಭ್ಯರ್ಥಿಯನ್ನು ಬಾಯ್ತುಂಬ ಹೊಗಳಿದಾಗ, ಮಾತು ಬೇಗ ಮುಗಿಯಲೆಂದು ನಾನು ಹೌದೆಂಬಂತೆ ತಲೆಯಾಡಿಸಿದೆ. ಅವರ ಹಿಂದೆ ಸಾಲಿನಲ್ಲಿದ್ದ ಯುವಕ ತುಂಬಿದ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಾಲು ಬಿಟ್ಟು ಹೋದ. ಹಿಂದೆ ಓಡಿದೆ, ಸಿಗಲಿಲ್ಲ. ಅವನು ಆಮೇಲೆ ಬೇರೆಲ್ಲಾದರೂ ಅರ್ಜಿ ಕೊಟ್ಟಿರಲಿ ಎಂದು ಇಂದಿಗೂ ಹಾರೈಸುತ್ತೇನೆ. ಅಂದಿನಿಂದ ಯಾರಾದರೂ ಅಭ್ಯರ್ಥಿಯ ಹೆಸರೆತ್ತಿದರೆ ಅರ್ಜಿಯ ಮುಂದಿನ ಅಂಕಣವನ್ನು ಬೆರಳಿಟ್ಟು ತೋರಿಸುತ್ತೇನೆ.

ಇಂಥ ಗುಂಪಿಗೆ ಸೇರಬೇಕೆಂದಿದ್ದರೆ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಹಣ ಎಲ್ಲಿಂದ ಬರುತ್ತದೆ, ಮತ್ತು ಪದಾಧಿಕಾರಿಗಳು ಚುನಾವಣೆಗೆ ನಿಂತರೆ ಏನು ನಿಯಮವಿದೆ. ಉತ್ತರ ತಡವರಿಸಿದರೆ ಬೇರೆ ಗುಂಪು ನೋಡಿ. ಸೇರುವುದಾದರೆ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಆಗ ಕೈಗಳು ಬೇಕಾದಷ್ಟು ಬರುತ್ತವೆ, ಆದರೆ ಪಟ್ಟಿ ತಿದ್ದುವ ಹೊತ್ತು ಹೆಚ್ಚೂಕಡಿಮೆ ಮುಗಿದಿರುತ್ತದೆ. ಚುನಾವಣೆಯೇ ಇಲ್ಲದ ವರ್ಷದಲ್ಲಿ, ಯಾರೂ ಈ ಬಗ್ಗೆ ಮಾತನಾಡದ ತಿಂಗಳುಗಳಲ್ಲಿ, ಪಟ್ಟಿಯ ಪುಟಗಳನ್ನು ಹಿಡಿದುಕೊಂಡು ಒಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆಯಲು ನಮಗೆ ಜನ ಬೇಕು.