ತೈಪೆ 101 ಮತ್ತು ಒಂದು ಹಳದಿ ಗುಂಡು

ಎಲ್ಲರಿಗೂ ನಮಸ್ಕಾರ. ಎತ್ತರದ ಲೆಕ್ಕ ಮೊದಲೇ ಮುಗಿಸಿಬಿಡುತ್ತೇನೆ, ಅದರಲ್ಲಿ ನನಗೆ ಅಂಥ ಆಸಕ್ತಿ ಇಲ್ಲ. ತೈವಾನ್‌ನ ತೈಪೆ ನಗರದಲ್ಲಿರುವ ತೈಪೆ 101 ಕಟ್ಟಡ 508 ಮೀಟರ್ ಎತ್ತರ ಇದೆ. 2004ರ ಡಿಸೆಂಬರ್ 31ಕ್ಕೆ ತೆರೆಯಿತು. 2010ರಲ್ಲಿ ದುಬೈನ ಬುರ್ಜ್ ಖಲೀಫಾ ಬಂತು, ಜಗತ್ತಿನ ಅತಿ ಎತ್ತರದ ಕಟ್ಟಡ ಅನ್ನುವ ಪಟ್ಟ ಹೋಯಿತು. ಅಷ್ಟೇ.

ವಾಸ್ತುಶಿಲ್ಪಿ ಸಿ. ವೈ. ಲೀ ಇದನ್ನು ಬಿದಿರಿನ ಹಾಗೆ ಗೆಣ್ಣು ಗೆಣ್ಣಾಗಿ ಮಾಡಿದರು. ಒಂದೊಂದು ಗೆಣ್ಣಿಗೆ ಎಂಟು ಮಹಡಿ, ಅಂಥ ಗೆಣ್ಣು ಎಂಟು, ಯಾಕೆಂದರೆ ಚೀನೀ ಭಾಷೆಯಲ್ಲಿ ಎಂಟು ಅಂದರೆ ಏಳಿಗೆಯ ಶುಭ ಸಂಖ್ಯೆ. ನಾವು ಮನೆಗೆ ವಾಸ್ತು ನೋಡಿಸುವವರು, ಅವರನ್ನು ನೋಡಿ ನಗುವ ಹಾಗಿಲ್ಲ ಬಿಡಿ.

ನನಗೆ ಹಿಡಿಸಿದ್ದು ಬೇರೆ. ಈ ಊರಿಗೆ ಎರಡು ಕಾಟ. ನೆಲ ನಡುಗುತ್ತದೆ, ಮೇಲಿಂದ ಟೈಫೂನ್ ಬೀಸುತ್ತದೆ. ಭೂಕಂಪಕ್ಕೆ ಕಟ್ಟಡ ಸ್ವಲ್ಪ ಬಾಗಬೇಕು, ಗಾಳಿಗೆ ಜಾಸ್ತಿ ಓಲಾಡಬಾರದು. ಎರಡೂ ಒಟ್ಟಿಗೆ ಹೇಗೆ? ಅದಕ್ಕೇ 92ನೇ ಮಹಡಿಯಿಂದ 87ರ ತನಕ 660 ಟನ್ನಿನ ಉಕ್ಕಿನ ಗುಂಡೊಂದನ್ನು ದಪ್ಪ ಹಗ್ಗಗಳಲ್ಲಿ ಇಳಿಬಿಟ್ಟಿದ್ದಾರೆ, ಹಗ್ಗವೂ ಉಕ್ಕಿನದ್ದೇ. ಅಡ್ಡಗಲ ಐದೂವರೆ ಮೀಟರ್. ಮೈಯೆಲ್ಲ ಹಳದಿ ಬಣ್ಣ. ಸೊಂಟದ ಮೇಲೆ ಕೊಡ ಹೊತ್ತವಳು ಇನ್ನೊಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಾಳಲ್ಲ, ಹಾಗೆ ನೆನೆಸಿಕೊಳ್ಳಿ. ಗಾಳಿಗೆ ಕಟ್ಟಡ ಒಂದು ಕಡೆ ಸರಿದರೆ ಈ ಭಾರದ ಗುಂಡು ಹಿಂದೆ ಉಳಿದು ಎದುರಿಗೆ ಎಳೆಯುತ್ತದೆ, ಓಲಾಟದ ಕಸುವನ್ನೆಲ್ಲ ಕೆಳಗಿನ ಎಣ್ಣೆ ತುಂಬಿದ ಪಿಸ್ಟನ್‌ಗಳು ನುಂಗಿಕೊಳ್ಳುತ್ತವೆ. 2015ರ ಆಗಸ್ಟ್‌ನಲ್ಲಿ ಸೌಡೆಲೋರ್ ಟೈಫೂನ್ ಬಂದಾಗ ಗುಂಡು ಒಂದು ಮೀಟರ್ ಆಡಿತು. 660 ಟನ್, ಒಂದು ಮೀಟರ್! ಒಳಗಿದ್ದವರ ಎದೆ ಡವಗುಟ್ಟಿರಬೇಕು.

ಇದೆಲ್ಲ ಸುಲಭಕ್ಕೆ ಆಗಲಿಲ್ಲ. 2002ರ ಮಾರ್ಚ್ 31ರಂದು, ಇನ್ನೂ ಕಟ್ಟುತ್ತಿದ್ದಾಗಲೇ ಭೂಕಂಪವಾಗಿ ಮೇಲಿದ್ದ ಕ್ರೇನುಗಳು ಬಿದ್ದವು. ಐದು ಜನ ಸತ್ತರು. ಕಟ್ಟಡ ನಿಂತೇ ಇತ್ತು. ಅಡಿಯಲ್ಲಿ 380 ಕಂಬಗಳನ್ನು ಬಂಡೆಯ ತನಕ ಇಳಿಸಿದ್ದಾರೆ, ಅದು ಯಾರ ಕಣ್ಣಿಗೂ ಕಾಣುವುದಿಲ್ಲ, ಫೋಟೊದಲ್ಲೂ ಬರುವುದಿಲ್ಲ.

ಓಲಾಟ ತಗ್ಗಿಸುವ ಇಂಥ ತೂಕಕ್ಕೆ ಡ್ಯಾಂಪರ್ ಅಂತಾರೆ, ಬೇರೆ ಕಡೆ ಅದನ್ನು ಸಾಮಾನ್ಯವಾಗಿ ಗೋಡೆಯ ಹಿಂದೆ ಮುಚ್ಚಿಡುತ್ತಾರೆ. "ನಮ್ಮ ಕಟ್ಟಡ ಅಲ್ಲಾಡುತ್ತದೆ" ಅಂತ ಯಾರು ಹೇಳಿಕೊಳ್ಳುತ್ತಾರೆ ಹೇಳಿ? ತೈಪೆಯವರು ಹೇಳಿಕೊಂಡರು. ಗುಂಡಿನ ಸುತ್ತ ಕಟಕಟೆ ಕಟ್ಟಿ, ದೀಪ ಹಾಕಿ, ಟಿಕೆಟ್ ಕೊಟ್ಟು ತೋರಿಸುತ್ತಿದ್ದಾರೆ. ಸಾಲದು ಅಂತ ಅದಕ್ಕೆ ಕಣ್ಣು, ಕೈಕಾಲು ಇಟ್ಟು "ಡ್ಯಾಂಪರ್ ಬೇಬಿ" ಅಂತ ಹೆಸರಿಟ್ಟು ಗೊಂಬೆ ಮಾಡಿದ್ದಾರೆ. ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಮಕ್ಕಳಿಗೆ ಒಂದು ಗೊಂಬೆ ಕೊಡಿಸಿಕೊಂಡು ಹೋಗುತ್ತಾರೆ.